ಡೊಮೈನ್ ಬೆಲೆ ಹೇಳುವ ಟೂಲ್‌ಗಳಲ್ಲಿ ಯಾವುದನ್ನು ನಂಬಬಹುದು?

ನಿಮ್ಮ ಡೊಮೈನ್‌ಗೆ, ಅಂದರೆ ವೆಬ್‌ಸೈಟ್ ವಿಳಾಸದ ಹೆಸರಿಗೆ, ಒಂದು ಟೂಲ್ 1,800 ಡಾಲರ್ ಅಂದಿದೆ, ಇನ್ನೊಂದು 90 ಅಂದಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡನ್ನೂ ಬಿಡಿ. ನಾನೂ 2018ರಲ್ಲಿ ಹೀಗೇ ದೊಡ್ಡ ಅಂಕಿ ನೋಡಿ ನಿದ್ದೆಗೆಟ್ಟವನು.

ನನ್ನದು ಡಾಟ್ ಕಾಮ್. ಹೆಸರಲ್ಲಿ 'ಮಳೆ', 'ಮನೆ' ಎರಡೂ ಪದ ಇದ್ದವು. ಮಲೆನಾಡಿನ ಹೋಂಸ್ಟೇಯವರು ಯಾರಾದರೂ ಕೇಳಿಯಾರು ಅಂತ ತಗೊಂಡಿದ್ದೆ. ಟೂಲ್‌ಗೆ ಹಾಕಿದರೆ 2,100 ಡಾಲರ್! ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ ಒಂದೂವರೆ ಲಕ್ಷ.

ಮುಂದಿನ ತಿಂಗಳೇ ಸಕಲೇಶಪುರದ ಕಡೆಯವರೊಬ್ಬರು ಇಮೇಲ್ ಮಾಡಿದರು. 25 ಸಾವಿರ ಕೊಡ್ತೀನಿ ಅಂದರು. ಸುಮ್ನೆ ಕೊಟ್ಟುಬಿಡಬೇಕಿತ್ತು ಅಲ್ವಾ? ನಾನು ಟೂಲ್‌ನ ಸ್ಕ್ರೀನ್‌ಶಾಟ್ ತೆಗೆದು ಅವರಿಗೇ ಕಳಿಸಿದೆ. ಜೊತೆಗೆ ಒಂದು ಸಾಲು: "ನೋಡಿ ಸರ್, ಮಾರ್ಕೆಟ್ ರೇಟು ಇದು." ಅವರು ಮತ್ತೆ ಬರೆಯಲಿಲ್ಲ. ನಾನು ಎರಡು ಸಲ ಬರೆದೆ, ಎರಡನೇ ಸಲ 15 ಸಾವಿರಕ್ಕೂ ಇಳಿದೆ. ಅಷ್ಟರಲ್ಲಿ ಅವರು ಊರಿನ ಹೆಸರು ಸೇರಿಸಿ ಬೇರೆ ಡೊಮೈನ್ ತಗೊಂಡಾಗಿತ್ತು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಆ ಅಂಕಿಯ ಕೆಳಗೇ 'ಇಂಥ ಹೆಸರುಗಳು ಇಷ್ಟಕ್ಕೆ ಮಾರಿವೆ' ಅನ್ನುವ ಪಟ್ಟಿ ಇತ್ತು. ಒಂದು ಸಲ ಬೆರಳು ಆಡಿಸಿ ಕೆಳಗೆ ಇಳಿದಿದ್ದರೆ ಸಾಕಿತ್ತು. ಇಳಿಯಲಿಲ್ಲ. ಎಷ್ಟೋ ತಿಂಗಳಾದ ಮೇಲೆ ನೋಡಿದೆ: ಎಲ್ಲಾ ಗಂಡಸರ ಸಲೂನು, ತಲೆಗೂದಲಿನ ಎಣ್ಣೆ ಥರದ ಹೆಸರುಗಳು! ಮಳೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಟೂಲ್ ಅದನ್ನು 'ಮೇಲ್' ಅಂತ ಓದುತ್ತದೆ, ಅಂದರೆ ಗಂಡಸು. ಮನೆ ಅನ್ನುವುದು 'ಮೇನ್' ಆಗುತ್ತದೆ, ಅಂದರೆ ಸಿಂಹದ ಕೇಸರ. ನನ್ನ ಮಳೆಗಾಲದ ಮನೆ ಅದರ ಕಣ್ಣಿಗೆ ಗಂಡಸಿನ ಜುಟ್ಟು. ಒಂದೂವರೆ ಲಕ್ಷ ಆ ಜುಟ್ಟಿನ ಬೆಲೆ.

ಈ ಟೂಲ್‌ಗಳು ಹೆಸರನ್ನು ಪದಗಳಾಗಿ ಒಡೆದು, ಉದ್ದ ಎಷ್ಟು, ಕೊನೆಗೆ ಡಾಟ್ ಕಾಮ್ ಇದೆಯಾ, ಆ ಪದವನ್ನು ಎಷ್ಟು ಜನ ಹುಡುಕುತ್ತಾರೆ, ಹಿಂದೆ ಅಂಥವು ಎಷ್ಟಕ್ಕೆ ಹೋಗಿವೆ ಅಂತ ನೋಡಿ ಅಂದಾಜು ಕಟ್ಟುತ್ತವೆ. ಕೊಳ್ಳುವವರು ಇದ್ದಾರಾ ಅನ್ನುವುದು ಆ ಲೆಕ್ಕದಲ್ಲಿ ಇರುವುದೇ ಇಲ್ಲ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಹೋಯಿತು. ಯಾಕೆಂದರೆ ಬ್ಲಾಕ್ ಡಾಟ್ ಒನ್ ಕಂಪನಿಗೆ ತನ್ನ ಹೊಸ ಸೋಶಿಯಲ್ ಮೀಡಿಯಾಕ್ಕೆ ಅದೇ ಹೆಸರು ಬೇಕಿತ್ತು. ಅಂಥ ಗಿರಾಕಿ ನನಗೂ ಒಬ್ಬರು ಸಿಕ್ಕಿದ್ದರು, ಸಕಲೇಶಪುರದವರು.

ಹಾಗಾಗಿ 'ಯಾವ ಟೂಲ್' ಅನ್ನುವ ಪ್ರಶ್ನೆಯೇ ಬೇಡ. ನಿಮ್ಮ ಹೆಸರು ಯಾರಿಗೆ ಬೇಕು, ನಾಲ್ಕು ಜನರನ್ನಾದರೂ ಬೆರಳು ಮಡಚಿ ಎಣಿಸಿ ನೋಡಿ. ಸಿಗಲಿಲ್ಲ ಅಂದರೆ ಮುಂದಿನ ವರ್ಷ ದುಡ್ಡು ಕಟ್ಟಿ ರಿನ್ಯೂ ಮಾಡಬೇಡಿ. ನಿಜವಾದ ಮಾರಾಟ ನೋಡಬೇಕಿದ್ದರೆ ಹಿಂದೆ ಮಾರಾಟವಾದ ಡೊಮೈನ್‌ಗಳ ಪಟ್ಟಿ ಇರುವ ನೇಮ್‌ಬಯೋ ಅನ್ನುವ ಸೈಟಿನಲ್ಲಿ ಹುಡುಕಿ, ಕನ್ನಡ ಪದಗಳ ಹೆಸರು ಎಷ್ಟು ಸಿಗುತ್ತವೆ ಅಂತ ನಿಮಗೇ ಕಾಣುತ್ತದೆ.

ನಾನಂತೂ ಹಟಕ್ಕೆ ಬಿದ್ದು ಇನ್ನೂ ನಾಲ್ಕು ವರ್ಷ ದುಡ್ಡು ಕಟ್ಟಿದೆ. 2022ರಲ್ಲಿ ಬಿಟ್ಟೆ. ಬಿಡುವ ಹಿಂದಿನ ದಿನವೂ ಟೂಲ್‌ಗೆ ಹಾಕಿ ನೋಡಿದ್ದೆ. 2,400 ಡಾಲರ್ ತೋರಿಸುತ್ತಿತ್ತು.