ಖಾರದ ಪುಡಿಯಲ್ಲಿ ಕಬ್ಬಿಣಾಂಶ ಹೆಚ್ಚಿರುವಾಗ ದೊಣ್ಣೆ ಮೆಣಸಿನಕಾಯಿ ಏಕೆ ತಿನ್ನಬೇಕು?

ರಕ್ತ ಕಡಿಮೆ ಇದೆ, ಪೋಷಕಾಂಶಗಳ ಪಟ್ಟಿ ನೋಡಿದೆ, ಖಾರದ ಪುಡಿ ಮತ್ತು ದೊಣ್ಣೆ ಮೆಣಸಿನಕಾಯಿ ಎರಡರಲ್ಲಿ ಯಾವುದರಲ್ಲಿ ಕಬ್ಬಿಣ ಹೆಚ್ಚು ಎಂದು ಬರೆದು ಕೇಳಿದ್ದೀರಿ. ನೀವು ನೋಡಿದ ಆ ಪಟ್ಟಿಯನ್ನು ನಾನೂ ನೋಡಿದ್ದೆ. 100 ಗ್ರಾಂ ಪ್ಯಾಪ್ರಿಕಾದಲ್ಲಿ, ಅಂದರೆ ನಮ್ಮ ಬ್ಯಾಡಗಿಯಂತೆ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಒಣಮೆಣಸಿನಕಾಯಿಯ ಪುಡಿಯಲ್ಲಿ, 21 ಮಿಲಿಗ್ರಾಂ ಕಬ್ಬಿಣ. ಅಷ್ಟೇ ತೂಕದ ಕೆಂಪು ದೊಣ್ಣೆ ಮೆಣಸಿನಕಾಯಿಯಲ್ಲಿ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ರಕ್ತ ಕಡಿಮೆ ಎನ್ನಿಸಿಕೊಂಡವರಿಗೆ ಇದನ್ನು ಓದಿದ ಮೇಲೆ ತರಕಾರಿ ಬಿಟ್ಟು ಪುಡಿ ಹಿಡಿಯೋಣ ಎನ್ನಿಸುತ್ತದೆ. ನಾನು ಹಿಡಿದೆ. ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಬಿ.ಎಡ್. ಓದುತ್ತಿದ್ದ ವರ್ಷ ಅದು.

ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿತ್ತು; ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ವೈದ್ಯರು ಕಬ್ಬಿಣದ ಗುಳಿಗೆ ಬರೆದುಕೊಟ್ಟು, ಸೊಪ್ಪು ತರಕಾರಿ ತಿನ್ನಲು ಹೇಳಿದರು. ಗುಳಿಗೆಯಿಂದ ಹೊಟ್ಟೆ ತೊಳಸುತ್ತಿತ್ತು, ಬಿಟ್ಟೆ. ಮೆಸ್ಸಿನ ಪಲ್ಯ ಬೆಂದು ಬೆಂದು ಬಣ್ಣಗೆಟ್ಟಿರುತ್ತಿತ್ತು, ಅದನ್ನೂ ಬಿಟ್ಟೆ. ಊರಿಂದ ಬಂದ ಖಾರದ ಪುಡಿಯ ಡಬ್ಬಿ ಮಾತ್ರ ತುಂಬಿಯೇ ಇರುತ್ತಿತ್ತು. ನಮ್ಮದು ಹಾವೇರಿ ಜಿಲ್ಲೆ. ಅವ್ವ ಬ್ಯಾಡಗಿ ಮಾರುಕಟ್ಟೆಗೆ ಹೋಗಿ, ಡಬ್ಬಿ ಜಾತಿಯ ದಪ್ಪ ಕಾಯಿಯನ್ನು ಮುರಿದು ಅಂಗೈಗೆ ಉಜ್ಜಿ, ಬಣ್ಣ ಹತ್ತಿದರೆ ಮಾತ್ರ ಕೊಳ್ಳುತ್ತಿದ್ದಳು. ಆ ಪುಡಿಗೆ ಎಣ್ಣೆ ಕಲಸಿ ರೊಟ್ಟಿಗೆ ಹಚ್ಚಿದರೆ ಬೇರೇನೂ ಬೇಕೆನ್ನಿಸುತ್ತಿರಲಿಲ್ಲ. ಎರಡು ಹೊತ್ತೂ ಅದನ್ನೇ ತಿಂದು, ಮೇಲೆ ಒಂದು ಲೋಟ ಚಹಾ ಕುಡಿಯುತ್ತಿದ್ದೆ. ಪಟ್ಟಿ ನೋಡಿದ ಮೇಲೆ ಇದು ಬರೀ ರುಚಿಯಲ್ಲ, ಔಷಧವೂ ಹೌದು ಎಂಬ ಧೈರ್ಯ ಬಂತು.

ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಮಹಡಿಯ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕಣ್ಣು ಕತ್ತಲಿಟ್ಟು ಬಿದ್ದೆ. ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಕಬ್ಬಿಣಾಂಶ ಏರಿಸಿದರು. ಪರೀಕ್ಷೆ ತಪ್ಪಿತು, ನನ್ನ ಜೊತೆಯವರೆಲ್ಲ ಕೆಲಸಕ್ಕೆ ಅರ್ಜಿ ಹಾಕುವಾಗ ನಾನು ಮತ್ತೆ ಅದೇ ಪುಸ್ತಕ ಹಿಡಿದು ಕೂತೆ. ಅಲ್ಲಿನ ವೈದ್ಯೆಗೆ ಪಟ್ಟಿಯ ವಿಷಯ ಹೇಳಿದಾಗ ಅವರು ಕೇಳಿದ್ದು ಇಷ್ಟೇ: “ತಂಗಿ, ನೂರು ಗ್ರಾಂ ಖಾರದ ಪುಡಿಯನ್ನು ಒಂದು ದಿನಕ್ಕೆ ಯಾರು ತಿನ್ನುತ್ತಾರೆ?”

ನಾನು ಎಡವಿದ್ದು ಅಲ್ಲೇ, ಮತ್ತು ಇದನ್ನು ಬಿಡಿಸಿಯೇ ಹೇಳಬೇಕು. ಒಂದು ಚಹಾ ಚಮಚ ಪುಡಿ ಎರಡು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ಅದರಲ್ಲಿ ಸಿಗುವ ಕಬ್ಬಿಣ ಅರ್ಧ ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಹಾಗಾದರೆ ಒಂದು ಚಮಚ ಪುಡಿಯೂ ಒಂದು ಸಾಧಾರಣ ಗಾತ್ರದ ದೊಣ್ಣೆ ಮೆಣಸಿನಕಾಯಿಯೂ ಕಬ್ಬಿಣದ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಮ, ಎರಡೂ ಅತ್ಯಲ್ಪ. ಐವತ್ತು ಪಟ್ಟು ಎಂದು ಕಂಡ ಅಂತರಕ್ಕೆ ದೊಡ್ಡ ಕಾರಣ ನೀರು. ಹಸಿ ಕಾಯಿಯ ನೂರು ಗ್ರಾಂನಲ್ಲಿ 92 ಗ್ರಾಂ ನೀರೇ. ಒಣಗಿಸಿ ಪುಡಿ ಮಾಡಿದಾಗ ಕಿಲೋಗಟ್ಟಲೆ ಕಾಯಿಯ ಸಾರ ಒಂದು ಸಣ್ಣ ಡಬ್ಬಿಯಲ್ಲಿ ಕೂರುತ್ತದೆ, ಆದರೆ ನಾವು ತಿನ್ನುವುದು ಚಮಚದಲ್ಲಿ.

ಪಟ್ಟಿಯ ಇನ್ನೂ ಕೆಳಗಿನ ಸಾಲನ್ನು ಓದಿದ್ದರೆ ನನಗೆ ಆಗಲೇ ಎಚ್ಚರವಾಗುತ್ತಿತ್ತು. ಹಸಿ ಕೆಂಪು ಕಾಯಿಯಲ್ಲಿ ವಿಟಮಿನ್ ಸಿ ಸುಮಾರು 128 ಮಿಲಿಗ್ರಾಂ. ನೀರು ಮಾತ್ರ ಹೋಗಿದ್ದರೆ ಪುಡಿಯಲ್ಲಿ ಅದು ಸಾವಿರ ದಾಟಬೇಕಿತ್ತು. ಪಟ್ಟಿಯಲ್ಲಿ ಇರುವುದು ಒಂದು ಮಿಲಿಗ್ರಾಂಗಿಂತ ಕಡಿಮೆ. ಬಿಸಿಲು, ಗಾಳಿ, ಗಿರಣಿಯ ಬಿಸಿ, ಡಬ್ಬಿಯಲ್ಲಿ ಕಳೆದ ತಿಂಗಳುಗಳು, ಎಲ್ಲ ಸೇರಿ ಅದನ್ನು ಮುಗಿಸಿರುತ್ತವೆ. ಹಂಗೇರಿಯ ಸೆಗೆಡ್ ಪಟ್ಟಣದಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿ 1930ರ ದಶಕದಲ್ಲಿ ವಿಟಮಿನ್ ಸಿಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆದದ್ದು ಇದೇ ಮೆಣಸಿನಕಾಯಿಯಿಂದ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಸೆಗೆಡ್ ಪ್ಯಾಪ್ರಿಕಾ ಪುಡಿಗೆ ಹೆಸರಾದ ಊರು, ಆದರೂ ಅವರು ಬಳಸಿದ್ದು ಹಸಿ ಕಾಯಿಯನ್ನು.

ಆದ್ದರಿಂದ “ಎರಡರಲ್ಲಿ ಯಾವುದರಲ್ಲಿ ಕಬ್ಬಿಣ ಹೆಚ್ಚು” ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೊಣ್ಣೆ ಮೆಣಸಿನಕಾಯಿಯನ್ನು ಕಬ್ಬಿಣಕ್ಕಾಗಿ ತಿನ್ನುವುದಲ್ಲ. ಕಬ್ಬಿಣ ನಿಮ್ಮ ರೊಟ್ಟಿಯಲ್ಲಿದೆ, ಬೇಳೆಯಲ್ಲಿದೆ. ಜೋಳದಲ್ಲಿ ನೂರು ಗ್ರಾಂಗೆ ಸುಮಾರು 4 ಮಿಲಿಗ್ರಾಂ ಇದೆ. ಆದರೆ ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಸುಲಭವಾಗಿ ಮೈಗೆ ಹತ್ತಗೊಡುವುದಿಲ್ಲ, ಊಟವಾದ ಕೂಡಲೇ ಕುಡಿಯುವ ಚಹಾ ಇನ್ನಷ್ಟು ಅಡ್ಡ ಬರುತ್ತದೆ. ಅದೇ ತುತ್ತಿನ ಜೊತೆ ವಿಟಮಿನ್ ಸಿ ಇದ್ದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ತರಕಾರಿಯ ಕೆಲಸ ಅದು. ಆ ಕೆಲಸ ಪುಡಿಯಿಂದ ಆಗದು. ನಮ್ಮ ಕಡೆ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯ, ಸೌತೆಕಾಯಿ, ಈರುಳ್ಳಿ, ಲಿಂಬೆಹೋಳು ಇಡುವ ರೂಢಿಯನ್ನು ನಾನು ಹಳ್ಳಿಯ ಊಟವೆಂದು ಕಡೆಗಣಿಸಿದ್ದೆ.

ಪುಡಿಯನ್ನು ಬಿಡಿ ಎಂದು ಹೇಳುತ್ತಿಲ್ಲ. ಅದರ ಕೆಂಪಿನಲ್ಲಿ ಮೈಯಲ್ಲಿ ವಿಟಮಿನ್ ಎ ಆಗುವ ಕ್ಯಾರೋಟಿನ್ ಇದೆ, ಒಂದು ಚಮಚದಲ್ಲೂ ಲೆಕ್ಕಕ್ಕೆ ಬರುವಷ್ಟು ಇದೆ, ಎಣ್ಣೆಯ ಜೊತೆ ತಿಂದರೆ ಚೆನ್ನಾಗಿ ದಕ್ಕುತ್ತದೆ. ಬೆಳಕಿಗೆ ಬಣ್ಣ ಹಾರಿದಂತೆ ಇದೂ ಕಡಿಮೆಯಾಗುತ್ತದೆ, ಹಾಗಾಗಿ ಗಾಜಿನ ಬಾಟಲಿಯನ್ನು ಕಿಟಕಿಯ ಬಳಿ ಇಡಬೇಡಿ. ಆದರೆ ಹೊಟ್ಟೆ ಉರಿಯುವಷ್ಟು ಚಮಚ ಏರಿಸುವುದು ಶುದ್ಧ ಅಪಾಯ. ಮಸಾಲೆಗಳ ಪೋಷಕಾಂಶವನ್ನು ನೂರು ಗ್ರಾಂಗೆ ಮಾತ್ರ ಬರೆದು ಬಿಡುವ ಪಟ್ಟಿಗಳನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಚಮಚದ ಲೆಕ್ಕವನ್ನು ಪಕ್ಕದಲ್ಲೇ ಕೊಡಬೇಕು.

ನಿಮಗೂ ರಕ್ತ ಕಡಿಮೆ ಎಂದು ಬರೆದಿದ್ದೀರಿ. ಹಾಗಿದ್ದರೆ ಊಟದಿಂದಲೇ ಸರಿಮಾಡಿಕೊಳ್ಳುತ್ತೇನೆ ಎಂದು ಗುಳಿಗೆ ಬಿಡಬೇಡಿ. ಹೊಟ್ಟೆಗೆ ಆಗದಿದ್ದರೆ ವೈದ್ಯರಿಗೆ ಹೇಳಿ, ಬೇರೆ ಗುಳಿಗೆ ಇರುತ್ತದೆ. ಚಹಾವನ್ನು ಊಟದಿಂದ ಒಂದು ತಾಸಾದರೂ ದೂರ ಇಡಿ. ದೊಣ್ಣೆ ಮೆಣಸಿನಕಾಯಿಯನ್ನು ನೀರಲ್ಲಿ ಕುದಿಸದೆ, ಹೆಚ್ಚಿ ಹಸಿಯಾಗಿಯೋ ಎರಡು ನಿಮಿಷ ಬಾಡಿಸಿಯೋ ತಿನ್ನಿ. ಕೆಂಪು ಕಾಯಿ ದುಬಾರಿ ಎನ್ನಿಸಿದರೆ ಹಸಿರು ಕಾಯಿಯಲ್ಲೂ 80 ಮಿಲಿಗ್ರಾಂ ಸಿ ಇದೆ. ಅದೂ ಬೇಡವಾದರೆ ಪೇರಲಹಣ್ಣು ತನ್ನಿ, ಅದರಲ್ಲಿ ನೂರು ಗ್ರಾಂಗೆ 200 ಮಿಲಿಗ್ರಾಂ ಮೀರಿ ಇರುತ್ತದೆ, ಊಟದ ಜೊತೆಯಲ್ಲೇ ಒಂದು ತಿಂದರೆ ಸಾಕು.