ಎರಡನೇ ಜೇಮ್ಸ್‌ನ ‘1685ರ’ ಅಚ್ಚುಚಿತ್ರ ಕೊಳ್ಳುವ ಮುನ್ನ

ಇಂಗ್ಲೆಂಡಿನ ರಾಜ ಎರಡನೇ ಜೇಮ್ಸ್‌ನ ಅಚ್ಚುಚಿತ್ರವೊಂದು ಹರಾಜಿಗೆ ಬಂದಿದೆ, ಚಿತ್ರದ ಕೆಳಗೆ 1685 ಎಂದಿದೆ, ಜೊತೆಗೆ ‘ಫ್ರಾನ್ಸಿನ ರಾಜ’ ಎಂದೂ ಕೆತ್ತಿದೆ, ಹಾಗಾದರೆ ನಕಲಿಯೇ, ಇದರ ಬದಲು ಸಣ್ಣದೊಂದು ತೈಲಚಿತ್ರ ಕೊಂಡರೆ ವಾಸಿಯೇ ಎಂದು ಕೇಳಿದ್ದೀರಿ. ಓದುತ್ತಲೇ ನಗು ಬಂತು. ಅಚ್ಚುಚಿತ್ರ ಕೂಡಿಸುವ ಈ ಹುಚ್ಚು ಹಿಡಿದ ಹೊಸತರಲ್ಲಿ ಕಂಡಕಂಡವರನ್ನು ನಾನೂ ಇದನ್ನೇ ಕೇಳುತ್ತಿದ್ದೆ.

ಫ್ರಾನ್ಸಿನ ವಿಷಯ ಮೊದಲು ಮುಗಿಸಿಬಿಡೋಣ. ಫ್ರಾನ್ಸ್ ನೆಲದ ಮೇಲೆ ಒಂದು ಊರೂ ಕೈಯಲ್ಲಿಲ್ಲದಿದ್ದರೂ ಇಂಗ್ಲೆಂಡಿನ ರಾಜರು 1801ರ ತನಕ ಆ ಬಿರುದನ್ನು ಬಿಡಲಿಲ್ಲ. ‘ಇಂಗ್ಲೆಂಡ್, ಸ್ಕಾಟ್‌ಲೆಂಡ್, ಫ್ರಾನ್ಸ್, ಐರ್ಲೆಂಡ್‌ಗಳ ರಾಜ’ ಎಂದು ಲ್ಯಾಟಿನ್‌ನಲ್ಲಿ ಇರುವುದು ಸರಿಯಾಗಿಯೇ ಇದೆ. ನಿಮಗೆ ಅನುಮಾನ ಬರಬೇಕಿದ್ದದ್ದು ಇಸವಿಯ ಮೇಲೆ. ಅದನ್ನೇ ನೀವು ಕಣ್ಣುಮುಚ್ಚಿ ನಂಬಿದ್ದೀರಿ.

ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಈ ವ್ಯವಹಾರದಲ್ಲಿ ಅದಕ್ಕೆ ಬೆಲೆಯಿಲ್ಲ. ಚಿತ್ರ ಕೆತ್ತಿ, ಮಸಿ ಹಚ್ಚಿ ಕಾಗದಕ್ಕೆ ಒತ್ತುವ ತಾಮ್ರದ ತಗಡು 1685ರದ್ದೇ ಆಗಿದ್ದು, ನಿಮ್ಮ ಕೈಗೆ ಬರುವ ಹಾಳೆ 1760ರಲ್ಲಿ ಅಚ್ಚಾಗಿರಬಹುದು. ಮಾರುವವನು ಸುಳ್ಳು ಹೇಳಿಲ್ಲ, ತಗಡೂ ಸುಳ್ಳು ಹೇಳಿಲ್ಲ, ಆದರೂ ನೀವು ಕೊಟ್ಟ ಹಣ ನೀರಿಗೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ಹಾಳೆ ತಗಡಿನಿಂದ ಯಾವಾಗ ಎದ್ದು ಬಂತು?

ಒಂದು ತಗಡಿನ ಬಾಳು ಹೇಗಿರುತ್ತಿತ್ತು ಎಂದು ಹೇಳುತ್ತೇನೆ, ಆಗ ಗೊತ್ತಾಗುತ್ತದೆ. 1684ರಲ್ಲಿ ಗಾಡ್‌ಫ್ರೆ ನೆಲ್ಲರ್ ಜೇಮ್ಸ್‌ನ ಆಳೆತ್ತರದ ಚಿತ್ರ ಬರೆದ. ಅದೀಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಆಗ ಜೇಮ್ಸ್ ಇನ್ನೂ ಯಾರ್ಕ್‌ನ ಡ್ಯೂಕ್. ಅಣ್ಣ ಎರಡನೇ ಚಾರ್ಲ್ಸ್ ಬದುಕಿದ್ದ. ಇಂಥ ತೈಲಚಿತ್ರಗಳನ್ನು ನೋಡಿ ಐಸಾಕ್ ಬೆಕೆಟ್, ಜಾನ್ ಸ್ಮಿತ್ ಮೊದಲಾದವರು ತಾಮ್ರಕ್ಕೆ ಇಳಿಸಿದರು. ಜೇಮ್ಸ್‌ನ ಮುಖ ಹೆಚ್ಚಾಗಿ ಇಳಿದದ್ದು ಮೆಜೊಟಿಂಟ್ ವಿಧಾನದಲ್ಲಿ. ಆ ವಿಧಾನವನ್ನು 1642ರಲ್ಲಿ ಲುಡ್‌ವಿಗ್ ಫಾನ್ ಸೀಗೆನ್ ಹೊರತಂದ. ಇಂಗ್ಲೆಂಡಿಗೆ ತಂದವನು ಜೇಮ್ಸ್‌ನ ಸೋದರತ್ತೆಯ ಮಗ, ರಾಜಕುಮಾರ ರೂಪರ್ಟ್.

ಮೆಜೊಟಿಂಟ್‌ನಲ್ಲಿ ಕೆಲಸ ಕತ್ತಲೆಯಿಂದ ಬೆಳಕಿಗೆ ಸಾಗುತ್ತದೆ. ಬಾಗಿದ ಅಂಚಿನಲ್ಲಿ ಸಣ್ಣ ಹಲ್ಲುಗಳಿರುವ ರಾಕರ್ ಎಂಬ ಉಳಿಯನ್ನು ತಗಡಿನ ಮೇಲೆ ತೊಟ್ಟಿಲು ತೂಗಿದಂತೆ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಹಲವು ಸುತ್ತು ತೂಗಬೇಕು. ತಾಮ್ರದ ಮೇಲೆಲ್ಲ ಸಣ್ಣ ಮುಳ್ಳು ಏಳುತ್ತದೆ. ಆ ಹಂತದಲ್ಲೇ ಮಸಿ ಹಚ್ಚಿ ಒತ್ತಿದರೆ ಹಾಳೆ ಪೂರ್ತಿ ಕಪ್ಪು. ಎಲ್ಲಿ ಬೆಳಕು ಬೇಕೋ ಅಲ್ಲಿ ಮುಳ್ಳನ್ನು ಹೆರೆದು, ನಯಗೊಳಿಸಿ ತೆಗೆಯುತ್ತಾ ಹೋಗುತ್ತಾರೆ: ಹಣೆ, ಮೂಗಿನ ತುದಿ, ಉಕ್ಕಿನ ಕವಚದ ಹೊಳಪು. ಮಖಮಲ್ಲಿನಂಥ ಕಪ್ಪು ಬರುವುದು ಆ ಮುಳ್ಳಿನಲ್ಲಿ ನಿಂತ ಮಸಿಯಿಂದ. ಪ್ರತಿ ಬಾರಿ ಯಂತ್ರದಡಿ ಹೋದಾಗಲೂ ಮುಳ್ಳು ಒಂದಿಷ್ಟು ಮಟ್ಟವಾಗುತ್ತದೆ. ನೂರು, ಹೆಚ್ಚೆಂದರೆ ಇನ್ನೂರು ಒಳ್ಳೆಯ ಪ್ರತಿ. ಆಮೇಲೆ ಕಪ್ಪು ಹೋಗಿ ಬೂದು.

ಬೂದು ಬಂತೆಂದು ತಗಡನ್ನು ಎಸೆಯುತ್ತಿರಲಿಲ್ಲ. ತಾಮ್ರ ದುಬಾರಿ, ದುಡಿಮೆ ಇನ್ನೂ ದುಬಾರಿ. ತಗಡು ಮನೆ, ಹೊಲದಂತೆ ಕೈಯಿಂದ ಕೈಗೆ ಹೋಗುವ ಆಸ್ತಿ. ಬೆಕೆಟ್‌ನ ತಗಡುಗಳು ಸ್ಮಿತ್‌ನ ಕೈಗೆ ಬಂದವು. ಆತ ಸವೆದ ಜಾಗಗಳನ್ನು ಮತ್ತೆ ತೂಗಿ, ಹೆಸರು ತಿದ್ದಿ ಮಾರಿದ. ಹೀಗೆ ತಿದ್ದುವಾಗ ಪ್ರಕಾಶಕನ ಹೆಸರು, ವಿಳಾಸ, ರಾಜನ ಬಿರುದು ಎಲ್ಲ ಬದಲಾಗಬಹುದು. ಇಸವಿಯನ್ನು ಮಾತ್ರ ಎಷ್ಟೋ ಸಲ ಹಾಗೇ ಬಿಡುತ್ತಿದ್ದರು. ಪಿಯೆರ್ ಲೊಂಬಾರ್ ಕೆತ್ತಿದ ಕುದುರೆ ಸವಾರಿಯ ಒಂದು ತಗಡಿನಲ್ಲಿ ಒಮ್ಮೆ ರಾಜ ಒಂದನೇ ಚಾರ್ಲ್ಸ್‌ನ ತಲೆ, ಇನ್ನೊಮ್ಮೆ ಆತನ ಎದುರಾಳಿ ಕ್ರಾಮ್‌ವೆಲ್‌ನ ತಲೆ. ತಲೆಯೇ ಇಲ್ಲದ ಪ್ರತಿಗಳೂ ಉಳಿದಿವೆ. ತಲೆಯನ್ನೇ ಬದಲಿಸುವ ಕಸುಬಿನಲ್ಲಿ ಕೆಳಗಿನ ಅಕ್ಷರಕ್ಕೆ ಏನು ನಂಬಿಕೆ?

ಹೊಸಬರೆಲ್ಲ ಬೀಳುವ ಗುಂಡಿ ಇದೇ ಆದ್ದರಿಂದ ಸ್ವಲ್ಪ ಎಳೆದೇ ಹೇಳುತ್ತೇನೆ, ಸಹಿಸಿಕೊಳ್ಳಿ. ಒಂದು ಅಚ್ಚುಚಿತ್ರಕ್ಕೆ ಮೂರು ಇಸವಿಗಳಿರುತ್ತವೆ. ಚಿತ್ರಕಾರ ಬರೆದದ್ದು ಒಂದು, ಕೆತ್ತನೆಗಾರ ತಗಡು ಮಾಡಿದ್ದು ಇನ್ನೊಂದು, ಈ ಹಾಳೆ ಅಚ್ಚಾದದ್ದು ಮತ್ತೊಂದು. ತಗಡಿನ ಮೇಲೆ ಕಾಣುವುದು ಮೊದಲನೆಯದೋ ಎರಡನೆಯದೋ. ಮೂರನೆಯದು ಎಲ್ಲೂ ಬರೆದಿರುವುದಿಲ್ಲ, ಬೆಲೆ ನಿಂತಿರುವುದು ಮಾತ್ರ ಅದರ ಮೇಲೆ. ಇದರ ಮೇಲೊಂದು ಪಂಚಾಂಗದ ತೊಡಕು ಬೇರೆ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜೇಮ್ಸ್ ಪಟ್ಟಕ್ಕೆ ಬಂದ ಫೆಬ್ರುವರಿ 6 ನಮ್ಮ ಲೆಕ್ಕದಲ್ಲಿ 1685, ಅವರ ಲೆಕ್ಕದಲ್ಲಿ ಇನ್ನೂ 1684. ಆದ್ದರಿಂದ ‘ರಾಜ’ ಎಂದೂ 1684 ಎಂದೂ ಒಟ್ಟಿಗೆ ಕಂಡರೆ ಮೋಸವೆಂದು ಹಾರಬೇಡಿ. ಹಾಗೆಯೇ 1685 ಎಂದು ಕಂಡರೆ ಪಟ್ಟಾಭಿಷೇಕದ ವರ್ಷದ ಹಾಳೆ ಸಿಕ್ಕಿತೆಂದು ಕುಣಿಯಲೂಬೇಡಿ.

ಮೂರನೇ ಇಸವಿಯನ್ನು ಹಿಡಿಯಲು ಇಸವಿ ಬಿಟ್ಟು ಉಳಿದದ್ದನ್ನೆಲ್ಲ ಓದಬೇಕು. ನೆಲ್ಲರ್‌ಗೆ ‘ಸರ್’ ಪದವಿ ಬಂದದ್ದು 1692ರಲ್ಲಿ. ಹೆಸರಿನ ಜೊತೆ ‘ಸರ್’ ಅಥವಾ ಲ್ಯಾಟಿನ್‌ನ ‘ಎಕ್ವೆಸ್’ ಇದ್ದರೆ ಆ ಅಕ್ಷರಗಳು ಅದಾದ ಮೇಲಿನವು, ಅಂದರೆ ಜೇಮ್ಸ್ ಆಗಲೇ ಫ್ರಾನ್ಸಿನ ಸೇಂಟ್ ಜರ್ಮೇನ್‌ನಲ್ಲಿ ದೇಶಭ್ರಷ್ಟನಾಗಿ ಕೂತಿದ್ದ. ಚಿತ್ರಕಾರನ ಹೆಸರು ಪೀಟರ್ ಲೀಲಿ ಎಂದಿದ್ದರೆ ಆತ ಸತ್ತದ್ದು 1680ರಲ್ಲಿ. ರಾಜನಾದ ಜೇಮ್ಸ್‌ನನ್ನು ಆತ ಕಂಡೇ ಇಲ್ಲ. ಡ್ಯೂಕ್‌ನ ಹಳೆಯ ಚಿತ್ರಕ್ಕೆ ಹೊಸ ಬಿರುದು ಅಂಟಿಸಿದ್ದಾರೆ, ಅಷ್ಟೇ. ‘ಸಂಸತ್ತಿನ ಕಾಯ್ದೆಯಂತೆ ಪ್ರಕಟಿತ’ ಎಂಬ ಸಾಲು ಕಂಡರೆ ಅದು 1735ರ ಕೆತ್ತನೆಗಾರರ ಹಕ್ಕಿನ ಕಾಯ್ದೆಯ ನಂತರದ್ದು. ಅಂಗಡಿ ವಿಳಾಸ ಕೂಡ ದೊಡ್ಡ ಸಾಕ್ಷಿ. ಜೇಮ್ಸ್‌ನ ಕಾಲದ ಲಂಡನ್ನಿನಲ್ಲಿ ಮನೆಗೆ ನಂಬರ್ ಇರಲಿಲ್ಲ, ತೂಗುಫಲಕದ ಗುರುತೇ ವಿಳಾಸ. ಪ್ರಕಾಶಕ ಎಡ್ವರ್ಡ್ ಕೂಪರ್‌ನದು ಬೆಡ್‌ಫರ್ಡ್ ಬೀದಿಯ ‘ಮೂರು ಪಾರಿವಾಳ’, ಸ್ಮಿತ್‌ನದು ಕಾವೆಂಟ್ ಗಾರ್ಡನ್ ರಸೆಲ್ ಬೀದಿಯ ‘ಸಿಂಹ ಮತ್ತು ಕಿರೀಟ’. ಬೀದಿಗಳಿಗೆ ನಂಬರ್ ಹಾಕಲು ತೊಡಗಿದ್ದು 1760ರ ದಶಕದಲ್ಲಿ. ವಿಳಾಸದಲ್ಲಿ ನಂಬರ್ ಇದ್ದರೆ ಮುಂದಿನ ಮಾತೇ ಬೇಡ. ಅಕ್ಷರದ ಪಟ್ಟಿಯನ್ನು ಪಕ್ಕದಿಂದ ಬೀಳುವ ಬೆಳಕಿನಲ್ಲಿ ಓರೆಯಾಗಿ ನೋಡಿ. ಅಳಿಸಿ ಬರೆದಲ್ಲಿ ಹಳೆಯ ಅಕ್ಷರದ ನೆರಳು ಕಾಣುವುದುಂಟು.

ಆಮೇಲೆ ಕಾಗದ. ಹಾಳೆಯನ್ನು ಬೆಳಕಿಗೆ ಹಿಡಿದರೆ ಸುಮಾರು ಎರಡೂವರೆ ಸೆಂಟಿಮೀಟರಿಗೊಂದರಂತೆ ಸರಪಳಿ ಗೆರೆ, ನಡುವೆ ಒತ್ತಾಗಿ ಸಣ್ಣ ಗೆರೆಗಳು ಕಾಣಬೇಕು. ಗೆರೆಯೇ ಇಲ್ಲದ ನುಣುಪು ಕಾಗದ, ಅಂದರೆ ವೋವ್ ಪೇಪರ್, ಇಂಗ್ಲೆಂಡಿನ ಪುಸ್ತಕದಲ್ಲಿ ಮೊದಲು ಕಂಡದ್ದೇ 1757ರಲ್ಲಿ. ಅಂಥದ್ದರ ಮೇಲೆ ‘1685’ ಇದ್ದರೆ ಅಲ್ಲಿಗೆ ಮುಗಿಯಿತು. ಇದನ್ನು ತಿರುಗಿಸಿ ಓದಬೇಡಿ: ಗೆರೆ ಇದ್ದ ಮಾತ್ರಕ್ಕೆ 1685 ಎಂದಾಗದು, ಗೆರೆಯ ಕಾಗದ ಹದಿನೆಂಟನೇ ಶತಮಾನದುದ್ದಕ್ಕೂ ಬಳಕೆಯಲ್ಲಿತ್ತು. ಕಾಗದದೊಳಗಿನ ನೀರುಗುರುತಿನಲ್ಲೇ (ವಾಟರ್‌ಮಾರ್ಕ್) ಇಸವಿ ಇದ್ದರೆ ಅದು ಬಹುಮಟ್ಟಿಗೆ 1794ರ ಆಚೆಯದು.

ಕಡೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಬಣ್ಣಬಣ್ಣದ ಚುಕ್ಕಿಗಳ ಹೂವಿನಾಕಾರ ಕಂಡರೆ ಅದು ಈಚಿನ ಆಫ್‌ಸೆಟ್ ಮುದ್ರಣ. ಮೆಜೊಟಿಂಟ್ ಆದರೆ ಬೆಳಕು ನೆರಳು ಸೇರುವಲ್ಲಿ, ಕೆನ್ನೆಯ ಅಂಚಿನಲ್ಲೋ ಹಿನ್ನೆಲೆಯ ಮೂಲೆಯಲ್ಲೋ, ರಾಕರ್‌ನ ಹಲ್ಲು ಬಿಟ್ಟ ಸಾಲುಚುಕ್ಕಿಗಳು ಒಂದನ್ನೊಂದು ಕತ್ತರಿಸುತ್ತಾ ಹೋಗಿರುತ್ತವೆ. ಸವೆದ ತಗಡನ್ನು ವಿಗ್ಗಿನಲ್ಲಿ ಹುಡುಕಿ. ಒಳ್ಳೆಯ ಪ್ರತಿಯಲ್ಲಿ ಜೇಮ್ಸ್‌ನ ಉದ್ದನೆಯ ವಿಗ್ಗಿನ ಸುರುಳಿಗಳ ಒಳಗಿನ ಕತ್ತಲಲ್ಲೂ ಕೂದಲು ಬೇರೆಬೇರೆಯಾಗಿ ಕಾಣುತ್ತದೆ. ಸವೆದದ್ದರಲ್ಲಿ ಅದೆಲ್ಲ ಒಂದೇ ಬೂದಿ. ಸವೆದ ಮೇಲೆ ತಿದ್ದಿದ್ದರಲ್ಲಿ ಮುಖ ಪೇಲವ, ಸುತ್ತ ಮಾತ್ರ ಗಡುಸಾದ ಕಪ್ಪು ತೇಪೆ. ಇದು ಕಣ್ಣಿಗೆ ಹತ್ತುವುದು ಎರಡು ಪ್ರತಿ ಪಕ್ಕಪಕ್ಕ ಇಟ್ಟಾಗಲೇ. ನೀವು ಹೇಗೂ ಲಂಡನ್ನಿನಲ್ಲಿದ್ದೀರಿ, ಬ್ರಿಟಿಷ್ ಮ್ಯೂಸಿಯಮ್ಮಿನ ಅಚ್ಚುಚಿತ್ರಗಳ ಅಧ್ಯಯನ ಕೊಠಡಿಯಲ್ಲಿ ಮುಂಚೆಯೇ ಸಮಯ ಗೊತ್ತುಮಾಡಿಕೊಂಡರೆ ಮೂಲ ಪ್ರತಿಗಳನ್ನೇ ಮುಂದಿಡುತ್ತಾರೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಹರಾಜಿನ ವಿವರಣೆಯಲ್ಲಿ ‘ಚಾಲೊನರ್ ಸ್ಮಿತ್’ ಎಂದು ಒಂದು ಸಂಖ್ಯೆ, ‘ಮೂರರಲ್ಲಿ ಎರಡನೇ ಸ್ಟೇಟ್’ ಎಂಬಂಥ ಮಾತು ಇದೆಯೇ ನೋಡಿ. ಕೆತ್ತನೆಗಾರ ಸ್ಮಿತ್ ಬೇರೆ, ಈತ ಬೇರೆ. ಅದು ಈತ ಮಾಡಿದ, ಬ್ರಿಟಿಷ್ ಮೆಜೊಟಿಂಟ್ ಭಾವಚಿತ್ರಗಳ ಹತ್ತೊಂಬತ್ತನೇ ಶತಮಾನದ ದೊಡ್ಡ ಪಟ್ಟಿ. ತಗಡಿನಲ್ಲಿ ಆದ ಪ್ರತಿಯೊಂದು ಬದಲಾವಣೆಯ ಹಂತವೇ ಸ್ಟೇಟ್. ಸಂಖ್ಯೆ ಕೊಟ್ಟವನು ಹೊಣೆ ಹೊತ್ತಿದ್ದಾನೆ. ಬರೀ ‘ಹಳೆಯ ಕೆತ್ತನೆ, 1685’ ಎಂದವನು ಏನನ್ನೂ ಹೇಳಿಲ್ಲ.

ಅಳತೆಯ ಬಗ್ಗೆ ಅನೇಕರು ಸುಮ್ಮನೆ ಗಾಬರಿಬೀಳುತ್ತಾರೆ. ಭಾವಚಿತ್ರದ ಮೆಜೊಟಿಂಟ್ ಸಾಮಾನ್ಯವಾಗಿ 14 ಅಂಗುಲಕ್ಕೆ 10 ಅಂಗುಲದ ಆಸುಪಾಸು. ಒದ್ದೆ ಕಾಗದದ ಮೇಲೆ ಒತ್ತುವುದರಿಂದ ಒಣಗಿದಾಗ ಎಳೆದುಕೊಳ್ಳುತ್ತದೆ, ಮ್ಯೂಸಿಯಮ್ಮಿನ ಅಳತೆಗೂ ನಿಮ್ಮದಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೆ ಚಿಂತೆಯಿಲ್ಲ. ಅಂಚು ತಗಡಿನ ಗೆರೆಯವರೆಗೆ ಕತ್ತರಿಸಿದ್ದರೂ ಬೇಸರ ಬೇಡ, ಹಿಂದಿನ ಸಂಗ್ರಾಹಕರು ಹಾಗೇ ಕತ್ತರಿಸಿ ಆಲ್ಬಂಗೆ ಅಂಟಿಸುತ್ತಿದ್ದರು. ಕೆಳಗಿನ ಅಕ್ಷರದ ಪಟ್ಟಿಯನ್ನೇ ಕತ್ತರಿಸಿದ್ದರೆ ಮಾತ್ರ ಬೆಲೆ ಅರ್ಧಕ್ಕಿಂತ ಕೆಳಗೆ ಕೇಳಿ.

ನೀವು ಹೇಳಿದ ವಿವರದಲ್ಲಿ ‘ಅಂಡಾಕಾರದ ಚೌಕಟ್ಟು, ಸುತ್ತ ಅಲಂಕಾರ’ ಎಂದಿತ್ತಲ್ಲ, ಅದು ನನಗೆ ಒಳ್ಳೆಯ ಸೂಚನೆಯಾಗಿ ಕಾಣುತ್ತಿಲ್ಲ. ಇತಿಹಾಸಕಾರ ರಾಪಿನ್‌ನ ಇಂಗ್ಲೆಂಡ್ ಇತಿಹಾಸದ ಅನುವಾದಕ್ಕೆಂದು ಕೆತ್ತನೆಗಾರ ಜಾರ್ಜ್ ವರ್ಟ್ಯೂ 1730ರ ದಶಕದಲ್ಲಿ ರಾಜರ ಮುಖಗಳನ್ನು ಗೆರೆಕೆತ್ತನೆಯಲ್ಲಿ ಮಾಡಿದ. ಪುಸ್ತಕ ಬಿಚ್ಚಿ ಬಿಡಿಹಾಳೆಯಾಗಿ ಮಾರುವ ಜೇಮ್ಸ್‌ಗಳಲ್ಲಿ ಅವು ಧಾರಾಳ. ವರ್ಟ್ಯೂ ಹುಟ್ಟಿದ್ದೇ 1684ರಲ್ಲಿ. ಕೆತ್ತನೆ ಸೊಗಸಾಗಿಯೇ ಇದೆ, ಅಗ್ಗಕ್ಕೆ ಸಿಕ್ಕರೆ ಗೋಡೆಗೆ ಹಾಕಿ. ಜೇಮ್ಸ್‌ನ ಕಾಲದ್ದು ಎಂಬ ಬೆಲೆಗೆ ಬೇಡ. ಇನ್ನೊಂದು: ತೆಳು ಮೀಸೆ ಇದ್ದರೆ ಅದು ಅಣ್ಣ ಚಾರ್ಲ್ಸ್. ಜೇಮ್ಸ್ ಬೋಳುಮುಖದವನು.

ತೈಲಚಿತ್ರದ ಆಸೆ ಬಿಡಿ. ‘ನೆಲ್ಲರ್ ಶಾಲೆ’ ಎಂಬ ಹೆಸರಿನಲ್ಲಿ ನಿಮ್ಮ ಬಜೆಟ್ಟಿಗೆ ಸಿಗುವುದು ಯಾರೋ ಯಾವಾಗಲೋ ಮಾಡಿದ ನಕಲು, ಮೇಲೆ ಎರಡು ಪದರ ತಿದ್ದುಬಣ್ಣ. ಅಚ್ಚುಚಿತ್ರದಲ್ಲಿ ಹಂತ ಹಿಡಿದು ಹೋಲಿಸಬಹುದು, ಅದರಲ್ಲಿ ಹೋಲಿಸಲು ಏನೂ ಇರುವುದಿಲ್ಲ.

ನನ್ನನ್ನು ಕೇಳಿದರೆ ರಾಜನ ಮುಖವನ್ನೇ ಬಿಟ್ಟು ಆತ ಬಿದ್ದ ಕಥೆಯನ್ನು ಕೊಳ್ಳಿ. ಆಳಿದ್ದು ನಾಲ್ಕು ವರ್ಷವೂ ತುಂಬದ ರಾಜ. 1688ರ ಜೂನ್ 10ರಂದು ಮಗ ಹುಟ್ಟಿದ, ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಬಾಣಲೆಯಲ್ಲಿ ಯಾರದೋ ಕೂಸನ್ನು ಅಡಗಿಸಿ ತಂದರೆಂದು ಊರೆಲ್ಲ ಗುಲ್ಲು. ನವೆಂಬರ್ 5ಕ್ಕೆ ಅಳಿಯ ವಿಲಿಯಂ ಸೇನೆಯೊಂದಿಗೆ ಇಳಿದ. ಡಿಸೆಂಬರ್‌ನಲ್ಲಿ ಮಾವ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಓಡಿದ. ಡಚ್ ಕಲಾವಿದ ರೊಮೈನ್ ಡಿ ಹೋಖೆ ಇದನ್ನೆಲ್ಲ ವಿಲಿಯಂ ಪರವಾಗಿ ಸುದ್ದಿಚಿತ್ರ, ವಿಡಂಬನೆಯಾಗಿ ಎಚಿಂಗ್ (ಆಮ್ಲದಿಂದ ಗೆರೆ ಕೊರೆಯುವ ವಿಧಾನ) ಮಾಡಿ ಹರಡಿದ. ಮಗುವಿನ ಕೈಯಲ್ಲಿ ಆಟದ ಗಾಳಿಗಿರಣಿ ಕಂಡರೆ ಕೂಸು ರಾಜನದಲ್ಲ, ‘ಗಿರಣಿಯವನ ಮಗ’ ಎಂಬ ಚುಚ್ಚುಮಾತು ಅದು. ಎಚಿಂಗ್‌ನ ಗೆರೆ ತಾಮ್ರದೊಳಗೆ ಇಳಿದಿರುತ್ತದೆ, ಮೆಜೊಟಿಂಟ್‌ನಷ್ಟು ಬೇಗ ಸವೆಯದು. ಸುದ್ದಿ ಹಳಸಿದ ಮೇಲೆ ಮತ್ತೆ ಅಚ್ಚು ಹಾಕುವ ಆತುರವೂ ಮುಖಚಿತ್ರಗಳಿಗೆ ಇದ್ದಷ್ಟು ಇರಲಿಲ್ಲ. ಇಲ್ಲವೇ ಫ್ರಾನ್ಸಿಸ್ ಸ್ಯಾಂಡ್‌ಫರ್ಡ್ 1687ರಲ್ಲಿ ಹೊರತಂದ ಪಟ್ಟಾಭಿಷೇಕದ ಗ್ರಂಥದಿಂದ ಬಿಡಿಯಾಗಿ ಬರುವ ಮೆರವಣಿಗೆಯ ಹಾಳೆಗಳಿವೆ. ಅವುಗಳಲ್ಲಿ ನಡುಮಡಿಕೆ ಹರಿದಿದೆಯೇ, ಹಿಂದೆ ತೇಪೆ ಹಾಕಿದ್ದಾರೆಯೇ ಎಂದು ನೋಡಿದರೆ ಸಾಕು.

ಕೊಂಡ ಮೇಲೆ ಅಂಗಡಿಯವನು ಬಿಸಿಯಲ್ಲಿ ರಟ್ಟಿಗೆ ಅಂಟಿಸಿಕೊಡುತ್ತೇನೆ ಎಂದರೆ ಓಡಿ ಬನ್ನಿ. ಆಮ್ಲರಹಿತ ರಟ್ಟು, ಮೇಲಂಚಿನಲ್ಲಿ ಮಾತ್ರ ಜಪಾನೀ ಕಾಗದದ ಎರಡು ಪುಟ್ಟ ಕೀಲು, ಗೋಧಿ ಗಂಜಿಯ ಅಂಟು, ಗಾಜಿಗೂ ಹಾಳೆಗೂ ನಡುವೆ ಮೂರು ಮಿಲಿಮೀಟರ್ ಜಾಗ. ಕಂದು ಚುಕ್ಕೆಗಳನ್ನು ಮನೆಯಲ್ಲಿ ತೊಳೆಯಲು ಹೋಗಬೇಡಿ. ಊರಿಗೆ ತಂದು ಕರಾವಳಿಯ ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಿದರೆ ಬೂಷ್ಟು ಖಂಡಿತ, ಒಳಗೋಡೆ ಹುಡುಕಿ.

ಈಗಿನ ಹರಾಜಿಗೆ ಮಾಡಬೇಕಾದದ್ದು: ಮಾರುವವನಿಗೆ ಬರೆದು ನಾಲ್ಕು ಫೋಟೊ ಕೇಳಿ. ಚೌಕಟ್ಟಿನಿಂದ ಹೊರತೆಗೆದ ಹಾಳೆಯ ಹಿಂಬದಿ, ಹಿಂದಿನಿಂದ ಬೆಳಕು ಬಿಟ್ಟದ್ದು, ಅಕ್ಷರದ ಪಟ್ಟಿಯ ಮೇಲೆ ಓರೆ ಬೆಳಕಿನದು, ವಿಗ್ಗಿನ ಕತ್ತಲ ಭಾಗದ ಹತ್ತಿರದ ಚಿತ್ರ. ಬಂದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಚೌಕಟ್ಟು ಬಿಚ್ಚಲು ಆಗದು ಎಂದರೆ ವರ್ಟ್ಯೂನ ಬೆಲೆಗಿಂತ ಮೇಲೆ ಕೈ ಎತ್ತಬೇಡಿ.