ಅನಿಮಲ್ ಹೌಸ್‌ಗೆ ಹೋದರೆ ಮೊದಲು ಮೂಗು, ಆಮೇಲೆ ಫೈಲು

ಹೋದ ತಿಂಗಳು ಕೆಚ್ಚಲು ಬಾವಿನ ಬಗ್ಗೆ ಬರೆಯುತ್ತ, ಹಾಸನದಲ್ಲಿ ಪಶುವೈದ್ಯೆಯಾಗಿದ್ದಾಗ ಕೆಲವು ವರ್ಷ ಕಾಲೇಜುಗಳ ಅನಿಮಲ್ ಹೌಸ್, ಅಂದರೆ ಪ್ರಯೋಗಕ್ಕೆ ತಂದ ಪ್ರಾಣಿಗಳನ್ನು ಇಡುವ ಜಾಗ, ಅದರ ತಪಾಸಣೆಗೂ ಹೋಗುತ್ತಿದ್ದೆ ಅಂತ ಒಂದು ಸಾಲು ಬರೆದಿದ್ದೆ. ಕೆಚ್ಚಲು ಬಾವಿನ ಬಗ್ಗೆ ಬಂದಿದ್ದು ಎರಡೇ ಪತ್ರ. ಇಲಿ, ಮೊಲ, ಪಂಜರದ ಬಗ್ಗೆ ಒಂದು ಕಟ್ಟು! ಹಾಗಾಗಿ ಈ ಸಲ ದನಕರುಗಳಿಗೆ ರಜೆ.

ಪ್ರಶ್ನೆ: ಮೇಡಂ, ನಾನು ಬಿ.ಫಾರ್ಮ ಓದುತ್ತಿದ್ದೇನೆ. ಅನಿಮಲ್ ಹೌಸ್ ತಪಾಸಣೆಗೆ ಬರುತ್ತಾರೆ ಅಂದರೆ ನಮ್ಮ ಕಾಲೇಜಿನಲ್ಲಿ ಒಂದು ವಾರ ಮೊದಲೇ ಸುಣ್ಣ ಬಣ್ಣ, ಫಿನಾಯಿಲ್ ಶುರು. ಬಂದವರು ನಿಜವಾಗಿ ಏನು ನೋಡುತ್ತಾರೆ?
— ವಿದ್ಯಾರ್ಥಿನಿ, ಬೇಲೂರು

ಉತ್ತರ: ಫಿನಾಯಿಲ್ ವಾಸನೆ ಜೋರಾಗಿದ್ದರೆ ನನಗೆ ಅನುಮಾನ ಶುರುವಾಗುತ್ತಿತ್ತು ಕಣಮ್ಮ. ಏನನ್ನೋ ಮುಚ್ಚಲು ಹಾಕಿದ್ದಾರೆ ಅಂತ.

ಬರುವವರು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಪ್ರಾಣಿಗಳ ಮೇಲೆ ನಡೆಯುವ ಪ್ರಯೋಗ ನೋಡಿಕೊಳ್ಳಲು ಕೇಂದ್ರ ಸರ್ಕಾರದ ಒಂದು ಸಮಿತಿ ಇದೆ. ಮೊದಲು ಸಿಪಿಸಿಎಸ್‌ಇಎ ಅನ್ನುತ್ತಿದ್ದೆವು, ಈಗ ಸಿಸಿಎಸ್‌ಇಎ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೂಸು ಅದು. ಇಲಿ, ಮೊಲ ಇಟ್ಟುಕೊಂಡು ಪ್ರಯೋಗ ಮಾಡುವ ಸಂಸ್ಥೆ ಅಲ್ಲಿ ನೋಂದಣಿ ಮಾಡಿಸಬೇಕು. ಯಾವ ಪ್ರಯೋಗಕ್ಕೆ ಒಪ್ಪಿಗೆ ಕೊಡಬೇಕು ಅಂತ ನೋಡಲು ತನ್ನದೇ ಎಥಿಕ್ಸ್ ಕಮಿಟಿ ಇಟ್ಟುಕೊಳ್ಳಬೇಕು. ಆ ಕಮಿಟಿಯಲ್ಲಿ ಕೇಂದ್ರ ಸಮಿತಿ ನೇಮಿಸಿದ ಹೊರಗಿನವರೂ ಇರುತ್ತಾರೆ, ಅವರಲ್ಲಿ ವಿಜ್ಞಾನಿಯಲ್ಲದ ಒಬ್ಬರು ಸಾಮಾನ್ಯ ನಾಗರಿಕರೂ ಸೇರುತ್ತಾರೆ. ಈ ಹೊರಗಿನವರು ವರ್ಷಕ್ಕೊಮ್ಮೆ ಅನಿಮಲ್ ಹೌಸ್ ನೋಡಿ ವರದಿ ಕಳಿಸಬೇಕು. ನಾನೂ ಹಾಗೆ ಹೋದವಳು.

ಮೊದಲ ಸಲ ಹೋದಾಗ ಎರಡು ಗಂಟೆ ಫೈಲ್ ನೋಡಿದೆ. ಕಾಫಿ, ಬಿಸ್ಕತ್ತು, ಗೋಡಂಬಿ. ಒಳಗೆ ಹೋಗಿದ್ದು ಹತ್ತೇ ನಿಮಿಷ. ಎಲ್ಲ ಚೆನ್ನಾಗಿದೆ ಅಂತ ಸಹಿ ಹಾಕಿ ಮೆಟ್ಟಿಲು ಇಳಿಯುವಾಗ ಅಲ್ಲಿನ ಅಟೆಂಡರ್ ಹಿಂದೆಯೇ ಬಂದು, "ಮೇಡಂ, ಮೇಲಿನ ಸಾಲಲ್ಲಿ ಮೂಲೆ ಕೇಜಿನ ಬಾಟ್ಲಿ ನೋಡ್ಲಿಲ್ಲ ನೀವು" ಅಂದ. ವಾಪಸ್ ಹೋಗಿ ನೋಡಿದೆ. ಬಾಟಲಿ ತುಂಬ ನೀರಿತ್ತು. ಕೊಳವೆಯ ತುದಿಯಲ್ಲಿನ ಗೋಲಿ ಮಾತ್ರ ಕಚ್ಚಿಕೊಂಡಿತ್ತು. ಬೆರಳಿನಿಂದ ಒತ್ತಿದರೂ ಒಂದು ಹನಿ ಇಲ್ಲ. ಒಳಗಿನ ಮೂರು ಇಲಿಗಳ ರೋಮ ನೆಟ್ಟಗಾಗಿತ್ತು, ಬೆನ್ನು ಗೂನಾಗಿತ್ತು. ಅವತ್ತು ಆದ ನಾಚಿಕೆ ಇನ್ನೂ ಹೋಗಿಲ್ಲ. ಆಮೇಲಿಂದ ಕಾಫಿ ಕೊನೆಗೆ.

ಬಾಗಿಲು ತೆಗೆದ ಮೊದಲ ಒಂದು ನಿಮಿಷ ಬಹಳ ಮುಖ್ಯ. ಇಲಿಯ ಮೂತ್ರದಲ್ಲಿರುವ ಯೂರಿಯಾವನ್ನು ಬೆಡ್ಡಿಂಗ್‌ನಲ್ಲಿರುವ (ಕೇಜಿನೊಳಗೆ ಹಾಸುವ ಹೊಟ್ಟು) ಬ್ಯಾಕ್ಟೀರಿಯಾ ಅಮೋನಿಯಾ ಮಾಡುತ್ತವೆ. ಕಣ್ಣು ಚುರುಗುಟ್ಟಿದರೆ ಬೆಡ್ಡಿಂಗ್ ಬದಲಾಯಿಸಿ ಬಹಳ ದಿನ ಆಗಿದೆ, ಇಲ್ಲವೇ ಗಾಳಿ ಆಡುತ್ತಿಲ್ಲ. ಆದರೆ ಸ್ವಲ್ಪ ಹೊತ್ತು ನಿಂತರೆ ನಮ್ಮ ಮೂಗು ಆ ವಾಸನೆಗೆ ಒಗ್ಗಿಬಿಡುತ್ತದೆ. ಅಲ್ಲೇ ಕೆಲಸ ಮಾಡುವವರು "ವಾಸನೆ ಏನೂ ಇಲ್ವಲ್ಲ ಮೇಡಂ" ಅಂದರೆ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ನಮಗಾದರೆ ಹೊರಗೆ ಬಂದು ಉಸಿರಾಡುವ ಅನುಕೂಲ ಇದೆ. ಕೇಜಿನೊಳಗಿನ ಇಲಿಗೆ ಮೂಗಿನಿಂದ ಒಂದು ಇಂಚು ಕೆಳಗೇ ಅದು.

ಆಮೇಲೆ ಕಣ್ಣು. ದೊಡ್ಡ ಬಿಳಿ ಇಲಿ, ಅಂದರೆ ರ‍್ಯಾಟ್, ಅದರ ಕಣ್ಣು ಮೂಗಿನ ಸುತ್ತ ಕೆಂಪಗೆ ಒಣಗಿದ್ದು ಕಂಡರೆ ಹುಡುಗರು ರಕ್ತ ಅಂತ ಗಾಬರಿಯಾಗುತ್ತಾರೆ. ಅದು ರಕ್ತ ಅಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಅನ್ನುವ ಬಣ್ಣ. ಆರೋಗ್ಯವಾಗಿರುವ ಇಲಿ ಮುಂಗಾಲಿನಿಂದ ದಿನವಿಡೀ ಮುಖ ಒರೆಸಿಕೊಳ್ಳುತ್ತಲೇ ಇರುತ್ತದೆ, ಬೆಕ್ಕಿನ ಹಾಗೆ. ಒರೆಸಿಕೊಳ್ಳುವುದು ಬಿಟ್ಟಿದೆ ಅಂದರೆ ಕಾಯಿಲೆ ಇದೆ, ನೋವಿದೆ, ಇಲ್ಲವೇ ಹೆದರಿದೆ. ಒಂದು ಕೇಜಿನಲ್ಲಿ ಕಂಡರೆ ಆ ಇಲಿಯ ಸಮಸ್ಯೆ. ಸಾಲಿಗೆ ಸಾಲೇ ಹಾಗಿದ್ದರೆ ಕೋಣೆಯ ಸಮಸ್ಯೆ.

ಮೇಲಿನ ಸಾಲಿಗೂ ಕೈ ಎತ್ತಿ ನೋಡಬೇಕು. ಟ್ಯೂಬ್‌ಲೈಟ್ ಹತ್ತಿರವೇ ಇರುತ್ತದೆ. ಬಿಳಿ ಇಲಿಯ ಕಣ್ಣಿನಲ್ಲಿ ಬೆಳಕು ತಡೆಯುವ ಬಣ್ಣ ಇಲ್ಲ. ಜೋರು ಬೆಳಕಿನಲ್ಲೇ ಇಟ್ಟರೆ ಕಣ್ಣಿನ ಪರದೆ ಹಾಳಾಗುತ್ತದೆ.

ಇಷ್ಟಾದ ಮೇಲೆ ಫೈಲು. ಒಂದು ಸಂಗತಿ ಹೇಳುತ್ತೇನೆ, ಕಾಲೇಜಿನ ಹೆಸರು ಬೇಡ. ಆಷಾಢ. ಸಕಲೇಶಪುರದ ಕಡೆಯಿಂದ ಬಂದ ಮಳೆ ಹಾಸನದಲ್ಲೂ ಬಿಟ್ಟೂಬಿಡದೆ ಹಿಡಿದಿತ್ತು. ರಿಜಿಸ್ಟರ್ ತೆರೆದರೆ ತಿಂಗಳಿಡೀ ಉಷ್ಣಾಂಶ 24, ತೇವಾಂಶ 55. ಬೆಳಿಗ್ಗೆ 24, ಸಂಜೆ 24. ಒಂದೇ ಪೆನ್ನು, ಒಂದೇ ಓರೆ. ನಿಯಮದಲ್ಲಿ ಇರುವುದು 18ರಿಂದ 29 ಡಿಗ್ರಿ, ತೇವಾಂಶ ಶೇಕಡ 30ರಿಂದ 70. ಲೆಕ್ಕಕ್ಕೆ ಎಲ್ಲ ಸರಿ. ಆದರೆ ಗೋಡೆಯ ಮೇಲಿನ ಮೀಟರ್ ನನ್ನ ಕಣ್ಣೆದುರೇ ತೇವಾಂಶ 81 ತೋರಿಸುತ್ತಿತ್ತು. ಕೇಜಿಗೆ ಹಾಕಿದ ಭತ್ತದ ಹೊಟ್ಟು ಹಿಂಡಿದರೆ ಕೈ ಒದ್ದೆ. ನಾನು ಜನರೇಟರ್‌ನ ಡೀಸೆಲ್ ಪುಸ್ತಕ ಕೊಡಿ ಅಂದೆ. ಯಾಕೆ ಅಂತ ಅವರಿಗೆ ಹೊಳೆಯಲಿಲ್ಲ, ಕೊಟ್ಟುಬಿಟ್ಟರು. ಹಿಂದಿನ ವಾರ ಒಂದು ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಗಿದೆ, ಹನ್ನೊಂದಕ್ಕೆ ಡೀಸೆಲ್ ಮುಗಿದಿದೆ, ಬೆಳಗಿನ ಜಾವದ ತನಕ ಫ್ಯಾನ್ ಇಲ್ಲ. ಮರುದಿನ ಬೆಳಿಗ್ಗೆ ರಿಜಿಸ್ಟರ್? 24, 55.

81 ಅಂತ ಬರೆದಿದ್ದರೆ ನಾನು ಬೈಯುತ್ತಿರಲಿಲ್ಲ. ಮಲೆನಾಡಿನ ಸೆರಗಿನಲ್ಲಿ ಆಷಾಢಕ್ಕೆ 81 ಬರದೆ ಇನ್ನೇನು ಬಂದೀತು? 81 ಅಂತ ಬರೆದು, ಪಕ್ಕದಲ್ಲಿ "ಹೊಟ್ಟು ಎರಡು ದಿನಕ್ಕೊಮ್ಮೆ ಬದಲಾಯಿಸಿದೆ" ಅಂತ ಬರೆದಿದ್ದರೆ ಅದೇ ಒಳ್ಳೆಯ ಅನಿಮಲ್ ಹೌಸ್. ತಪ್ಪೇ ಇಲ್ಲದ ರಿಜಿಸ್ಟರ್ ನೋಡಿದರೆ ನನಗೆ ಭಯ.

ಇನ್ನೊಂದು ಪ್ರಶ್ನೆ ಯಾವಾಗಲೂ ಕೇಳುತ್ತಿದ್ದೆ: ಹಾಸನಾಂಬ ದರ್ಶನ, ದೀಪಾವಳಿ ರಜೆ ಒಟ್ಟಿಗೆ ಬಂದಾಗ ನೀರು ಹಾಕಿದವರು ಯಾರು? ಕೇಜ್ ತೊಳೆದ ಪುಸ್ತಕ ಒಂದು ಕಡೆ, ಅಟೆಂಡರ್ ಹಾಜರಿ ಇನ್ನೊಂದು ಕಡೆ ಇಟ್ಟುಕೊಂಡು ಕೂತರೆ ಐದು ನಿಮಿಷದ ಕೆಲಸ. ನಿಮ್ಮ ಕಾಲೇಜಿನವರಿಗೆ ಹೇಳು, ಸುಣ್ಣದ ದುಡ್ಡಿನಲ್ಲಿ ಭಾನುವಾರ ಬರುವವನಿಗೆ ಭತ್ಯೆ ಕೊಡಲಿ.

ಪ್ರಶ್ನೆ: ನಮ್ಮೂರ ಸಂತೆಯಲ್ಲಿ ಒಬ್ಬರು ಒಮ್ಮೆಗೇ ಎಂಟು ಮೊಲ ಕೊಂಡರು. ಕಾಲೇಜಿನ ಪ್ರಯೋಗಕ್ಕಂತೆ. ಹೀಗೆ ಕೊಳ್ಳಬಹುದೇ? ಬೀದಿ ನಾಯಿಗಳನ್ನೂ ಹೀಗೆ ಒಯ್ಯುತ್ತಾರೆ ಅಂತ ಮಾತಿದೆ, ನಿಜವೇ?
— ನಿವೃತ್ತ ಮೇಷ್ಟ್ರು, ಅರಸೀಕೆರೆ

ಉತ್ತರ: ಎರಡಕ್ಕೂ ಅವಕಾಶ ಇಲ್ಲ ಸರ್. 1998ರ ನಿಯಮದ ಪ್ರಕಾರ ನೋಂದಣಿ ಆದ ಸಾಕಣೆದಾರರಿಂದಲೇ ಪ್ರಾಣಿ ತರಬೇಕು. ಎಲ್ಲಿಂದ ಬಂತು, ಎಷ್ಟು ಬಂತು, ಏನಾಯಿತು ಅಂತ ಲೆಕ್ಕ ಇಡಬೇಕು. ತಂದ ಮೇಲೂ ಇಲಿ, ಮೊಲವನ್ನು ಕನಿಷ್ಠ ಒಂದು ವಾರ ಬೇರೆ ಕೋಣೆಯಲ್ಲಿಟ್ಟು ನೋಡಬೇಕು. ನಾಯಿ, ಕೋತಿಯಾದರೆ ಆರು ವಾರ. ನಾಯಿಯ ಮೇಲೆ ಪ್ರಯೋಗ ಮಾಡಲು ಕಾಲೇಜಿನ ಕಮಿಟಿ ಒಪ್ಪಿದರೆ ಸಾಲದು, ಕೇಂದ್ರ ಸಮಿತಿಯೇ ಒಪ್ಪಬೇಕು. ಪ್ರಯೋಗ ಮುಗಿದ ಮೇಲೆ ಅದರ ಆರೈಕೆಯ ಖರ್ಚೂ ಪ್ರಯೋಗ ಮಾಡಿದವರದೇ.

ದಯೆಯ ಮಾತು ಪಕ್ಕಕ್ಕಿಡಿ, ಸಂತೆಯ ಮೊಲ ವಿಜ್ಞಾನಕ್ಕೂ ಬರುವುದಿಲ್ಲ. ಅದರ ಕಿವಿಯೊಳಗೆ ಬೆರಳು ಹಾಕಿ ನೋಡಿ, ಹತ್ತರಲ್ಲಿ ಕೆಲವಕ್ಕಾದರೂ ಕಂದು ಹೊಪ್ಪಳೆ ಸಿಗುತ್ತದೆ, ನುಸಿಯಿಂದ ಬರುವ ಕಜ್ಜಿ. ಇಂಜೆಕ್ಷನ್ ಔಷಧಿಯಿಂದ ಜ್ವರ ಬರುತ್ತದಾ ಅಂತ ನೋಡಲು ಮೊಲದ ಕಿವಿಯ ರಕ್ತನಾಳಕ್ಕೇ ಮದ್ದು ಕೊಟ್ಟು ಮೈಬಿಸಿ ಅಳೆಯುತ್ತಾರೆ. ಮೊದಲೇ ಕಾಯಿಲೆ ಇರುವ ಮೊಲದ ಜ್ವರ ಅಳೆದು ಏನು ತಿಳಿಯುತ್ತದೆ?

ಪ್ರಶ್ನೆ: ತಪ್ಪು ಸಿಕ್ಕಿದರೆ ಶಿಕ್ಷೆ ಏನು?
— ಓದುಗರು, ಚಿಕ್ಕಮಗಳೂರು

ಉತ್ತರ: ನಗಬೇಡಿ. 1960ರ ಕಾಯ್ದೆ ಬರೆದಾಗ ಪ್ರಯೋಗದ ನಿಯಮ ಮುರಿದವರಿಗೆ ಇಟ್ಟ ದಂಡ ಇನ್ನೂರು ರೂಪಾಯಿ ತನಕ. ಈಗ ಚಿಕ್ಕಮಗಳೂರಿನಲ್ಲಿ ಇಬ್ಬರು ಕೂತು ಊಟ ಮಾಡಿದರೆ ಮುಗಿಯಿತು. ಅದಕ್ಕೆ ಯಾರೂ ಹೆದರುವುದಿಲ್ಲ. ಹೆದರುವುದು ಇನ್ನೊಂದಕ್ಕೆ: ಸಮಿತಿಗೆ ಪ್ರಯೋಗವನ್ನೇ ನಿಲ್ಲಿಸುವ ಅಧಿಕಾರ ಇದೆ. ಪ್ರಯೋಗ ನಿಂತರೆ ಪಿಎಚ್‌.ಡಿ. ಹುಡುಗರ ಪ್ರಬಂಧ ಅರ್ಧಕ್ಕೆ ನಿಲ್ಲುತ್ತದೆ, ಗ್ರಾಂಟ್ ನಿಲ್ಲುತ್ತದೆ. ಪ್ರಿನ್ಸಿಪಾಲರಿಗೆ ನಿದ್ದೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಕಾಲದಲ್ಲಿ ಪಿಯುಸಿಯಲ್ಲೇ ಕಪ್ಪೆ ಕೊಯ್ಯುತ್ತಿದ್ದೆವು. ಈಗ ಮಕ್ಕಳು ಕಂಪ್ಯೂಟರ್‌ನಲ್ಲಿ ನೋಡುತ್ತಾರಂತೆ. ಕಲಿಕೆ ಕೆಡುವುದಿಲ್ಲವೇ?
— ಸಕಲೇಶಪುರ

ಉತ್ತರ: ಇದು ಹೊಸ ಕಾಲದ ಚಾಳಿ ಅಂದುಕೊಳ್ಳಬೇಡಿ. ಪುಸ್ತಕ, ಮಾದರಿ, ಸಿನಿಮಾದಿಂದ ಕಲಿಸಲು ಆಗುವುದಾದರೆ ಪ್ರಾಣಿ ಬೇಡ ಅಂತ 1960ರ ಕಾಯ್ದೆಯಲ್ಲೇ ಇದೆ. ಬರೀ ಕೈ ಪಳಗಿಸಲು ಪ್ರಯೋಗ ಆದಷ್ಟು ಬೇಡ ಅಂತಲೂ ಇದೆ. ನಾವು ಓದಿದ್ದು ತಡ, ಅಷ್ಟೇ. ನಾನೂ ಕೊಯ್ದಿದ್ದೇನೆ. ಫಾರ್ಮಲಿನ್ ವಾಸನೆ ನೆನಪಿದೆ, ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಅನ್ನುವುದನ್ನು ಆಮೇಲೆ ಪುಸ್ತಕ ನೋಡಿಯೇ ಬಾಯಿಪಾಠ ಮಾಡಿದೆ.

ಪ್ರಶ್ನೆ: ಇಷ್ಟೆಲ್ಲ ತಪಾಸಣೆ ಯಾಕೆ ಡಾಕ್ಟ್ರೇ? ಮೂಕ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನೇ ಪೂರ್ತಿ ನಿಲ್ಲಿಸಬಾರದೇ?
— ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ನಿಮ್ಮ ಊರಿನಿಂದ ಈ ಪ್ರಶ್ನೆ ಬಂದಿದ್ದು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಂಗನ ಕಾಯಿಲೆಗೆ ಬೇಸಿಗೆ ಬಂದರೆ ತೋಟಕ್ಕೆ ಇಳಿಯಲು ಹೆದರುವ ಊರು ನಿಮ್ಮದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಆ ವೈರಸ್ಸಿಗೆ ಒಳ್ಳೆಯ ಲಸಿಕೆ ಬೇಕು ಅಂತ ನಾವೆಲ್ಲ ಕೇಳುತ್ತಲೇ ಇದ್ದೇವೆ. ಯಾವ ಲಸಿಕೆಯನ್ನೂ ನೇರವಾಗಿ ನಿಮ್ಮ ಮೊಮ್ಮಗನ ತೋಳಿಗೆ ಚುಚ್ಚಲು ಯಾರೂ ಒಪ್ಪುವುದಿಲ್ಲ, ನೀವೂ ಒಪ್ಪುವುದಿಲ್ಲ. ಅದಕ್ಕೆ ಮೊದಲು ಪ್ರಾಣಿ ಬರುತ್ತದೆ. ಇದು ನನಗೆ ಇಷ್ಟ ಇರುವ ಉತ್ತರ ಅಲ್ಲ.

ಆದರೆ ಕಡಿಮೆ ಆಗುತ್ತಿದೆ. ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1959ರಲ್ಲೇ ಮೂರು ಮಾತು ಹೇಳಿದರು: ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಹಿಡಿ, ಸಂಖ್ಯೆ ಇಳಿಸು, ನೋವು ಇಳಿಸು. ಕಮಿಟಿ ಸಭೆಯಲ್ಲಿ ನಾವು ಜಗಳ ಆಡುತ್ತಿದ್ದುದು ಎರಡನೆಯದಕ್ಕೇ ಜಾಸ್ತಿ. 60 ಇಲಿ ಬೇಕು ಅಂತ ಬರೆದಿರುತ್ತಾರೆ. ಯಾಕೆ 60 ಅಂದರೆ ಹಿಂದಿನವರು 60 ತಗೊಂಡಿದ್ದರು ಅನ್ನುತ್ತಾರೆ. ಲೆಕ್ಕ ಹಾಕಿ ಕೂತರೆ 36ಕ್ಕೆ ಬಂದು ನಿಂತದ್ದಿದೆ. ಸೋಪು, ಕ್ರೀಮು, ಲಿಪ್‌ಸ್ಟಿಕ್‌ಗೆ ಪ್ರಾಣಿ ಪರೀಕ್ಷೆ ನಮ್ಮ ದೇಶದಲ್ಲಿ 2014ರಲ್ಲೇ ಬಂದ್ ಆಯಿತು. ಔಷಧಿಗೂ ಜೀವಕೋಶ, ಕಂಪ್ಯೂಟರ್ ಮಾದರಿಯಂಥ ಪರೀಕ್ಷೆಗಳನ್ನು ಒಪ್ಪುವಂತೆ 2023ರಲ್ಲಿ ನಿಯಮ ತಿದ್ದಿದರು. ಆಗಲೇ ಹೇಳಿದೆನಲ್ಲ, ಮೊಲದ ಜ್ವರದ ಪರೀಕ್ಷೆ? ಅದರ ಬಹುಪಾಲು ಕೆಲಸ ಈಗ ಹಾರ್ಸ್‌ಶೂ ಏಡಿಯ ರಕ್ತದಿಂದ ಆಗುತ್ತದೆ. ಏಡಿಯೂ ಪ್ರಾಣಿಯೇ ಅಲ್ವಾ ಅಂತ ಕೇಳುತ್ತೀರಿ. ಹೌದು. ನಾನೂ ಕೇಳಿದ್ದೆ.

ಪ್ರಶ್ನೆ: ಮೇಡಂ, ನಾನು ಹಾಸನದ ಹತ್ತಿರ ಒಂದು ಕಾಲೇಜಿನ ಅನಿಮಲ್ ಹೌಸ್‌ನಲ್ಲಿ ಅಟೆಂಡರ್. ತಪಾಸಣೆಗೆ ಬಂದವರು ನನ್ನ ಹತ್ತಿರ ಏನೂ ಕೇಳುವುದಿಲ್ಲ. ಸಣ್ಣ ಇಲಿಗಳು ಕೇಜ್ ತೆಗೆದರೆ ಸಾಕು, ಮೂಲೆಗೆ ಓಡುತ್ತವೆ. ಬಾಲ ಹಿಡಿದು ಎತ್ತುವಾಗ ಕಚ್ಚುತ್ತವೆ. ಏನು ಮಾಡಲಿ?

ಉತ್ತರ: ನಿಮ್ಮಂಥವರೇ ನನಗೆ ಪಾಠ ಕಲಿಸಿದ್ದು ಅಂತ ಮೇಲೆ ಬರೆದಿದ್ದೇನೆ, ಓದಿ. ಮುಂದಿನ ಸಲ ಅವರು ಕೇಳದಿದ್ದರೆ ನೀವೇ ಹೇಳಿ. ಬಾಯಿ ಬಿಟ್ಟು ಹೇಳಲು ಹಿಂಜರಿಕೆ ಆದರೆ ಒಂದು ನೋಟ್‌ಬುಕ್ ಇಡಿ: ಯಾವ ದಿನ ಎಷ್ಟು ಸತ್ತವು, ಯಾವ ಬಾಟಲಿ ಕಟ್ಟಿಕೊಂಡಿತ್ತು, ಫೀಡ್ ಚೀಲದ ಮೇಲೆ ಯಾವ ತಾರೀಖು ಇತ್ತು. ಗಿನಿಪಿಗ್ ಇದ್ದರೆ ಆ ತಾರೀಖು ತುಂಬ ಮುಖ್ಯ. ನಮ್ಮ ಹಾಗೆ ಅದಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ, ಹಳೆಯ ಫೀಡಿನಲ್ಲಿ ಅದು ಉಳಿದಿರುವುದೂ ಇಲ್ಲ. ಹಿಂಗಾಲು ಎಳೆದುಕೊಂಡು ನಡೆಯುತ್ತಿದೆ ಅನಿಸಿದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಇನ್ನು ಕಚ್ಚುವ ವಿಷಯ. ತಪ್ಪು ಇಲಿಯದಲ್ಲ, ಬಾಲದ್ದು. ಬಾಲ ಹಿಡಿದು ಎತ್ತಿದ ಸಣ್ಣ ಇಲಿ ಹೆದರುತ್ತದೆ, ಕೊಳವೆಯೊಳಗೆ ಬಿಟ್ಟು ಎತ್ತಿದರೆ ಅಥವಾ ಬೊಗಸೆಯಲ್ಲಿ ಎತ್ತಿದರೆ ಕಡಿಮೆ ಹೆದರುತ್ತದೆ ಅಂತ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದರು. ನೀವು ಹೀಗೆ ಮಾಡಿ. ಪ್ಲಂಬರ್ ಅಂಗಡಿಯಲ್ಲಿ ಎರಡು ಇಂಚಿನ ಪಿವಿಸಿ ಪೈಪ್ ತಗೊಂಡು ಅರ್ಧ ಅಡಿಗೊಂದರಂತೆ ಕತ್ತರಿಸಿ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ. ಒಂದೊಂದು ಕೇಜಿಗೆ ಒಂದೊಂದು ಬಿಟ್ಟುಬಿಡಿ, ಅದರಲ್ಲೇ ಮಲಗುತ್ತವೆ. ಎತ್ತಬೇಕಾದಾಗ ಇಲಿಯನ್ನು ಮೆಲ್ಲಗೆ ಪೈಪಿನ ಕಡೆ ತಳ್ಳಿ, ತಾನೇ ಒಳಗೆ ಹೋಗುತ್ತದೆ. ಎರಡೂ ತುದಿಗೆ ಅಂಗೈ ಅಡ್ಡ ಇಟ್ಟು ಎತ್ತಿ. ನಿಮ್ಮ ಡಾಕ್ಟರಿಗೆ ಒಂದು ಮಾತು ಕೇಳಿಯೇ ಶುರುಮಾಡಿ. ತೊಳೆಯಲು ಬಿಸಿನೀರು, ಸೋಪು ಸಾಕು. ಉಳಿದ ಸಾಮಾನಿನ ಜೊತೆ ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಮಾತ್ರ ಹಾಕಬೇಡಿ, ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿ ಹೊರಗೆ ಬರುತ್ತದೆ.